ಮಹಾಮಾಯಾ ಬಾಯಿಯ ಸಬ್‌ಮರೀನ್

ಸಂಜೆಯ ಚಹಾ ಆದ ಮೇಲೆ ಮಹಾಮಾಯಾ ಸಬ್‌ಮರೀನ್ ಆಟಕ್ಕೆ ಕೂರುತ್ತಾಳೆ ಎಂಬುದು ಭಾಲ್ಕಿಯ ಆ ಓಣಿಗೆಲ್ಲ ಗೊತ್ತಿತ್ತು. ಸರಕಾರಿ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಹೇಳಿ ನಿವೃತ್ತಳಾದ ಹೆಂಗಸು ಕಂಪ್ಯೂಟರಿನಲ್ಲಿ ಹಡಗು ಓಡಿಸುತ್ತಾಳೆಂದು ಮೊದಮೊದಲು ನಕ್ಕವರೂ ಇದ್ದರು. ಆದರೆ ಅವಳ ಗಂಡ ನಾಗಸೇನ ನೌಕಾಪಡೆಯ ಸಬ್‌ಮರೀನಿನಲ್ಲಿ ಇದ್ದವನು, ಎರಡು ವರ್ಷದ ಹಿಂದೆ ತೀರಿಕೊಂಡವನು. ಅದು ಎಲ್ಲರಿಗೂ ತಿಳಿದಿದ್ದರಿಂದ ಅವಳೆದುರು ಯಾರೂ ಏನೂ ಅನ್ನುತ್ತಿರಲಿಲ್ಲ.

ಆಟ ಬಹಳ ಹಳೆಯದು. ಈಗಿನ ಮಕ್ಕಳು ನೋಡಿದರೆ ಇದೂ ಒಂದು ಆಟವೇ ಎಂದಾರು. ಕೆಳಗೊಂದು ನೀಲಿ ಪಟ್ಟಿ ಬಂದರೆ ಸಮುದ್ರ, ಮೇಲೊಂದು ಕಪ್ಪು ಪಟ್ಟಿ ಬಂದರೆ ಆಕಾಶ. ಹಡಗು ಅಂದರೆ ಪುಟ್ಟ ಪುಟ್ಟ ಚೌಕಗಳನ್ನು ಜೋಡಿಸಿದ ಒಂದು ಆಕಾರ. ತಳದಲ್ಲಿ ಗಡಿಯಾರದ ಮುಳ್ಳಿನಂಥವು ಸಾಲಾಗಿ ಇರುತ್ತಿದ್ದವು: ಎಷ್ಟು ಆಳಕ್ಕೆ ಇಳಿದಿದ್ದೇವೆ, ಬ್ಯಾಟರಿ ಎಷ್ಟು ಉಳಿದಿದೆ, ಒಳಗೆ ಗಾಳಿ ಎಷ್ಟಿದೆ, ಎಣ್ಣೆ ಎಷ್ಟಿದೆ. ಒಂದು ಗುಂಡಿ ಒತ್ತಿದರೆ ನಕಾಶೆ, ಇನ್ನೊಂದು ಒತ್ತಿದರೆ ಪೆರಿಸ್ಕೋಪಿನ ದುಂಡು ಕಿಂಡಿ. ಶತ್ರು ಹಡಗುಗಳನ್ನು ಮುಳುಗಿಸಿದಷ್ಟೂ ಅಂಕ. ಮಹಾಮಾಯಾಳ ಅಂಕ ಯಾವತ್ತೂ ಕಡಿಮೆಯೇ. ಅವಳಿಗೆ ಹಡಗು ಮುಳುಗಿಸುವುದು ಬೇಕಿರಲಿಲ್ಲ. ಅವುಗಳ ಕೆಳಗಿನಿಂದ, ಯಾರಿಗೂ ಗೊತ್ತಾಗದ ಹಾಗೆ ಇಂಜಿನ್ ತಣ್ಣಗೆ ಮಾಡಿಕೊಂಡು ದಾಟಿ ಹೋಗುವುದೇ ಅವಳ ಆಟವಾಗಿತ್ತು.

ಆ ಆಟ ಮನೆಗೆ ಬಂದದ್ದು ಮದುವೆಯಾದ ಎರಡನೆಯ ವರ್ಷ.

ನಾಗಸೇನ ಔರಾದಿನವನು. ಅವರ ಓಣಿಯಿಂದ ನೌಕಾಪಡೆಗೆ ಸೇರಿದ ಮೊದಲ ಹುಡುಗ. ಅವನನ್ನು ಸಬ್‌ಮರೀನಿನ ತರಬೇತಿಗೆ ಆರಿಸಿದ್ದಾರೆಂದು ಸುದ್ದಿ ಬಂದಾಗ ಔರಾದಿನ ಜನ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬುದ್ಧ ವಿಹಾರದ ತನಕ ಮೆರವಣಿಗೆ ಮಾಡಿದ್ದರು. ಹೆಣ್ಣು ನೋಡಲು ಬಂದಾಗಲೂ ಮಾತೆಲ್ಲ ಅದೇ. ಮದುವೆಯಾದಾಗ ಮಹಾಮಾಯಾಳಿಗೆ ಭಾಲ್ಕಿಯಲ್ಲಿ ನೌಕರಿ ಆಗಿ ಕೆಲವೇ ತಿಂಗಳಾಗಿತ್ತು. ನೌಕರಿ ಬಿಟ್ಟು ವಿಶಾಖಪಟ್ಟಣಕ್ಕೆ ಬರಲೇ ಎಂದು ಅವಳೇ ಕೇಳಿದಳು. ಬಂದು ಏನು ಮಾಡುತ್ತೀ, ನಾನು ತಿಂಗಳುಗಟ್ಟಲೆ ನೀರಿನೊಳಗೆ ಇರುವವನು, ಇಳಿದ ಮೇಲೆ ಕಾಗದವಿಲ್ಲ, ತಾರು ಇಲ್ಲ, ಅಲ್ಲಿ ಒಬ್ಬಳೇ ಕೂರುವುದಕ್ಕಿಂತ ನಿನ್ನ ಶಾಲೆಯಲ್ಲೇ ಇರು ಎಂದು ನಾಗಸೇನ ಹೇಳಿದ. ಅದು ಅವಳಿಗೂ ಸರಿ ಕಂಡಿತು.

ಆದರೆ ರಜೆಗೆ ಬಂದಾಗಲೆಲ್ಲ ಅವಳು ಕೇಳುತ್ತಿದ್ದಳು: ಒಳಗೆ ಹೇಗಿರುತ್ತದೆ, ಎಲ್ಲಿ ಮಲಗುತ್ತೀರಿ, ಹೆದರಿಕೆ ಆಗುವುದಿಲ್ಲವೇ. ಅವನು ಮಾತು ತೇಲಿಸುತ್ತಿದ್ದ. ಕಡೆಗೊಂದು ಸಲ ರಜೆಗೆ ಬಂದವನು ಟ್ರಂಕಿನಿಂದ ದಪ್ಪನೆಯ ಟೈಪರೈಟರಿನಂಥ ಪೆಟ್ಟಿಗೆ ತೆಗೆದ. ಆ ಕಾಲದ ಕಂಪ್ಯೂಟರ್ ಅದು, ವಿದೇಶಕ್ಕೆ ಹೋಗಿಬಂದ ನಾವಿಕನೊಬ್ಬನಿಂದ ಕೊಂಡದ್ದಂತೆ. ಅದನ್ನು ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಲ್ಲಿ ಒಂದು ಕ್ಯಾಸೆಟ್ ಹಾಕಿ ತಿರುಗಿಸಿದರೆ ಕಿವಿ ಸೀಳುವಂಥ ಕಿರಿಕಿರಿ ಸದ್ದು. ರೇಡಿಯೊ ಕೆಟ್ಟಿತೇ ಎಂದು ಪಕ್ಕದ ಮನೆಯ ಇಮಾಮಬೀ ಓಡಿಬಂದಳು. ಬಹಳ ಹೊತ್ತಾದ ಮೇಲೆ ಟಿವಿಯಲ್ಲಿ ನೀಲಿ ಸಮುದ್ರ ಮೂಡಿತು.

"ನಾ ಏನ್ ಕೆಲಸ ಮಾಡ್ತೀನಿ ಅಂತ ಕೇಳ್ತಿದ್ದೆಲ್ಲ, ಇದರಾಗ ನೋಡು," ಎಂದ ನಾಗಸೇನ. "ಬಾಯಿಲೆ ಹೇಳಲಿಕ್ಕೆ ನಮಗ ಪರವಾನಗಿ ಇಲ್ಲ."

ಅವನು ಹೋದ ಮೇಲೆ ಮಹಾಮಾಯಾ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಆ ಆಟ ಕಲಿತಳು. ಶಾಲೆಯಿಂದ ಬಂದು, ಕರೆಂಟ್ ಇದ್ದರೆ, ಕೂರುತ್ತಿದ್ದಳು. ನೀರಿಗಿಳಿದರೆ ಬ್ಯಾಟರಿ ಸವೆಯುತ್ತದೆ. ಮೇಲೆ ಬಂದು ಇಂಜಿನ್ ಓಡಿಸಿದರೆ ಮಾತ್ರ ತುಂಬುತ್ತದೆ. ಮೇಲೆ ಬಂದರೆ ಕಾವಲು ಹಡಗುಗಳಿಗೆ ಕಾಣಿಸುತ್ತೇವೆ. ಅವು ಬೆನ್ನು ಹತ್ತಿದರೆ ತಳಕ್ಕಿಳಿದು ಅಲುಗದೆ ಇರಬೇಕು. ಮೇಲಿನಿಂದ ಬಾಂಬು ಬಿದ್ದಾಗ ಟಿವಿ ತೆರೆಯ ಅಂಚೆಲ್ಲ ಕೆಂಪಗೆ ಅದುರುತ್ತಿತ್ತು. ಆಗ ಅವಳು ಉಸಿರು ಬಿಗಿಹಿಡಿದು, ಆಳದ ಮುಳ್ಳನ್ನು ನೋಡುತ್ತ, ಈಗ ಇವರೂ ಹೀಗೇ ಕೂತಿರುತ್ತಾರೆ ಎಂದುಕೊಳ್ಳುತ್ತಿದ್ದಳು. ಸಮುದ್ರವನ್ನೇ ಕಾಣದ ಅವಳಿಗೆ ಗಂಡನ ಜೊತೆ ಇರುವ ದಾರಿ ಅದೊಂದೇ ಆಗಿತ್ತು. ಅವನು ರಜೆಗೆ ಬಂದಾಗ, ಬ್ಯಾಟರಿ ಇಳಿದರೆ ಒಳಗೆ ಗಾಳಿ ಭಾರ ಆಗುತ್ತದಲ್ಲವೇ ಎಂದು ಕೇಳಿದರೆ ಅವನು ಹೌದು ಎನ್ನುತ್ತಿದ್ದ. ಮೇಲೆ ಬಂದು ಮುಚ್ಚಳ ತೆಗೆದಾಗ ಮೊದಲ ಗಾಳಿ ತಂಪಾಗಿರುತ್ತದಲ್ಲವೇ ಎಂದರೆ ಅದಕ್ಕೂ ಹೌದು ಎನ್ನುತ್ತಿದ್ದ. ಅವಳು ಆಡುವುದನ್ನು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ ಅಂಗಳಕ್ಕೆ ಹೋಗಿಬಿಡುತ್ತಿದ್ದ. ದಿನವೂ ಮಾಡುವ ಕೆಲಸ, ರಜೆಯಲ್ಲೂ ಯಾಕೆ ನೋಡಬೇಕು ಎಂದು ಅವಳು ತಿಳಿದಳು.

ಆಮೇಲೊಂದು ವರ್ಷ ಅವಳು ಬಸುರಾದಳು. ಐದನೆಯ ತಿಂಗಳಲ್ಲಿ, ಶಾಲೆಯಲ್ಲಿ ಪಾಠ ಮಾಡುತ್ತಿರುವಾಗಲೇ ಹೊಟ್ಟೆನೋವು ಬಂತು. ಇಮಾಮಬೀ ಯಾರದೋ ಜೀಪು ಹಿಡಿದು ಬೀದರಿನ ಆಸ್ಪತ್ರೆಗೆ ಕರೆದೊಯ್ದಳು. ಕೂಸು ಉಳಿಯಲಿಲ್ಲ. ಗಂಡ ಎಲ್ಲಿ ಎಂದು ನರ್ಸ್ ಕೇಳಿದಾಗ ನೀರಿನಲ್ಲಿದ್ದಾರೆ ಎಂದಳು ಮಹಾಮಾಯಾ. ಮುಳುಗಿ ಸತ್ತಿದ್ದಾನೆಂದು ತಿಳಿದು ನರ್ಸ್ ದನಿ ತಗ್ಗಿಸಿದಳು. ಇಮಾಮಬೀ ಬಿಡಿಸಿ ಹೇಳಬೇಕಾಯಿತು. ತಾರು ಕೊಡೋಣವೇ ಎಂದು ಇಮಾಮಬೀ ಕೇಳಿದ್ದಳು. ಸಬ್‌ಮರೀನಿಗೆ ತಾರು ಮುಟ್ಟುವುದಿಲ್ಲ ಎಂದು ಮಹಾಮಾಯಾ ಗೋಡೆಯ ಕಡೆ ಹೊರಳಿದಳು. ಒಂದೂವರೆ ತಿಂಗಳ ಮೇಲೆ ನಾಗಸೇನ ಬಂದ. ಸುದ್ದಿ ಕೇಳಿ ಹೊಸ್ತಿಲ ಮೇಲೆ ಕುಸಿದು ಎಷ್ಟು ಅತ್ತನೆಂದರೆ, ಅವಳೇ ಅವನನ್ನು ಸಮಾಧಾನ ಮಾಡಬೇಕಾಯಿತು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ನೌಕಾಪಡೆ ಬಿಟ್ಟು ಬಂದ ಮೇಲೆ ನಾಗಸೇನ ಬೀದರಿನ ಒಂದು ಬ್ಯಾಂಕಿನಲ್ಲಿ ಕಾವಲು ಕೆಲಸಕ್ಕೆ ಸೇರಿದ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ. ಇಬ್ಬರೂ ಚೆನ್ನಾಗಿಯೇ ಬದುಕಿದರು. ಹಳೆಯ ಪೆಟ್ಟಿಗೆ ಎಂದೋ ಕೆಟ್ಟುಹೋಗಿತ್ತು. ಶಾಲೆಯ ಕಂಪ್ಯೂಟರ್ ಟೀಚರ್ ಅದೇ ಆಟವನ್ನು ಎಲ್ಲಿಂದಲೋ ಹುಡುಕಿ ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ ಮೇಲೆ ಅವಳು ಮತ್ತೆ ಶುರುಮಾಡಿದಳು. ಒಂದು ಮಧ್ಯಾಹ್ನ ಬ್ಯಾಂಕಿನ ಬಾಗಿಲಲ್ಲೇ ಎದೆನೋವು ಬಂದು ನಾಗಸೇನ ಹೋಗಿಬಿಟ್ಟ. ಇಮಾಮಬೀಯೂ ಅಷ್ಟರಲ್ಲಿ ಮಗಳ ಊರಿಗೆ ಹೋಗಿ ನೆಲೆಸಿದ್ದಳು. ಮಹಾಮಾಯಾಳಿಗೆ ಸಂಜೆಯ ಆಟ ಮಾತ್ರ ಉಳಿಯಿತು. ತೀರಿಕೊಂಡವನನ್ನು ಅವಳು ಮಣ್ಣಿನಲ್ಲಿ ನೆನೆಯುತ್ತಿರಲಿಲ್ಲ. ಕೆಳಗೆ, ಎಲ್ಲೋ ನೀಲಿಯಲ್ಲಿ, ಅಲುಗದೆ ಕೂತಿರುವನೆಂದು ನೆನೆಯುತ್ತಿದ್ದಳು.

ಈ ಸಲ ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಅವಳ ಮನೆಗೆ ಒಬ್ಬ ಹಿರಿಯರು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ. ಬೀದರ ತಾಲೂಕಿನ ಮನ್ನಳ್ಳಿಯವರು, ಹೆಸರು ಶಿವರಾಜಪ್ಪ, ವಿಶಾಖಪಟ್ಟಣದಲ್ಲಿ ನಾಗಸೇನನ ಜೊತೆ ಇದ್ದವರು. ನನಗೆ ಹೃದಯದ ಆಪರೇಷನ್ ಆಗಿ ಹೈದರಾಬಾದಿನಲ್ಲಿ ಮಗಳ ಮನೆಯಲ್ಲೇ ಇದ್ದೆ, ಗೆಳೆಯ ಹೋದದ್ದು ಈಗ ತಿಳಿಯಿತು ಎಂದು ಹೇಳಿ ಫೋಟೊಕ್ಕೆ ಕೈಮುಗಿದು ಕಣ್ಣೊರೆಸಿಕೊಂಡರು. ಗಂಡನ ಜೊತೆ ನೌಕಾಪಡೆಯಲ್ಲಿ ಕೆಲಸ ಮಾಡಿದ ಒಬ್ಬರೂ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮಹಾಮಾಯಾಳಿಗೆ ಎಷ್ಟೋ ದಿನದ ಮೇಲೆ ಮೈ ಹಗುರಾಯಿತು. ಚಹಾ ಕೊಟ್ಟಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಶಿವರಾಜಪ್ಪ ಅದರತ್ತ ಬಗ್ಗಿ ಇದೇನೆಂದು ಕೇಳಿದರು.

"ನೀವು ಮಾಡಿದ ಕೆಲಸಾನೇ ರಿ," ಎಂದಳು ಮಹಾಮಾಯಾ. "ಇವ್ರೇ ತಂದುಕೊಟ್ಟಿದ್ರು. ನೀವು ಒಳಗ ಯಾವ ಕಡಿ ಇರ್ತಿದ್ರಿ, ಇಂಜಿನ್ ಕಡೀನೋ ಟಾರ್ಪೆಡೊ ಕಡೀನೋ?"

ಗೆಳೆಯನ ಹೆಂಡತಿ ಅತ್ತಿಗೆಯೇ ಎಂಬ ಸಲುಗೆಯಲ್ಲಿ ಶಿವರಾಜಪ್ಪ ನಕ್ಕರು. "ನಾವೆಲ್ಲಿ ಟಾರ್ಪೆಡೊ ವೈನಿ. ನಾನೂ ನಾಗಸೇನನೂ ಗೋದಾಮಿನವರು. ಕಂಬಳಿ, ಸಾಬೂನು, ನಟ್ಟು, ಬೋಲ್ಟು. ನಾ ಬಿಟ್ಟು ಬರೋತನಕ ಒಂದೇ ಗೋದಾಮಿನ್ಯಾಗ ಎದುರಾಬದುರಾ ಕುಂತೀವಿ."

"ಸಬ್‌ಮರೀನಿಗಿ ಹೋಗೋಕಿಂತ ಮೊದಲೇನ್ರಿ?"

"ಮೊದಲಲ್ಲ, ಆಮ್ಯಾಲ. ಅವ ಒಳಗ ಇಳದದ್ದು ಒಂದೇ ಸಲ..." ಎನ್ನುತ್ತ ತಲೆಯೆತ್ತಿದವರು ಅವಳ ಮುಖ ನೋಡಿ ಸುಮ್ಮನಾದರು.

ಉಳಿದದ್ದನ್ನು ಅವಳೇ ಒಂದೊಂದಾಗಿ ಕೇಳಿ ಹೊರಗೆ ತೆಗೆದಳು. ದನಿ ಏರಿಸಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಕೇಳುವಾಗಿನ ದನಿ ಅದು. ತರಬೇತಿ ಮುಗಿದು ಮೊದಲ ಸಲ ಸಮುದ್ರಕ್ಕೆ ಹೋದಾಗ, ತಲೆಯ ಮೇಲೆ ಮುಚ್ಚಳ ಬಿದ್ದು ದೋಣಿ ಇಳಿಯತೊಡಗಿದ್ದೇ ನಾಗಸೇನನ ಉಸಿರು ಕಟ್ಟಿತಂತೆ. ಏಣಿ ಹತ್ತಿ ಮುಚ್ಚಳವನ್ನು ಕೈಯಿಂದ ಗುದ್ದಿದ್ದನಂತೆ. ನಾಲ್ಕು ಜನ ಹಿಡಿದು ಮಲಗಿಸಿದರೂ ಮೈಯ ನಡುಕ ನಿಲ್ಲಲಿಲ್ಲವಂತೆ. ಇವನನ್ನು ಮತ್ತೆ ಒಳಗೆ ಕಳಿಸಬೇಡಿ ಎಂದು ಡಾಕ್ಟರ್ ಹೇಳಿದರು. ಗಟ್ಟಿಮುಟ್ಟಾದ ಎಷ್ಟೋ ಜನಕ್ಕೆ ಹಾಗಾಗುತ್ತದೆ, ಅಲ್ಲಿ ಯಾರೂ ಅವನನ್ನು ಹಂಗಿಸಲಿಲ್ಲ ಎಂದರು ಶಿವರಾಜಪ್ಪ. ಇದೆಲ್ಲ ಆದದ್ದು ನಾಗಸೇನ ಮಹಾಮಾಯಾಳನ್ನು ಮದುವೆಯಾಗುವುದಕ್ಕಿಂತ ಮುಂಚೆ.

"ನಿಮಗ ಗೊತ್ತಿರಲಿಲ್ಲೇನ್ರಿ, ವೈನಿ?"

"ಗೊತ್ತಿತ್ತು ರಿ. ವಯಸ್ಸಾತು, ಮರ್ತಿದ್ದೆ," ಎಂದಳು ಮಹಾಮಾಯಾ.

ಅವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅವಳು ಇನ್ನೊಂದು ಮಾತು ಕೇಳಿದಳು.

"ಆ ಗೋದಾಮಿನ್ಯಾಗ ಫೋನ್ ಇತ್ತೇನ್ರಿ?"

"ಇತ್ತು ರಿ. ನಮ್ಮಿಬ್ಬರ ಟೇಬಲ್ಲಿನ ನಡುವೇ ಇತ್ತು."

ಅವರು ಹೋದ ಮೇಲೆ ಅವಳು ಕಪ್ಪು ಬಸಿ ತೊಳೆದಿಟ್ಟಳು. ಗೋಡೆಯ ಮೇಲಿನ ಫೋಟೊ ಇಳಿಸಿ ಮಂಚದ ಮೇಲೆ ಇಟ್ಟಳು. ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಚಳಿಗಾಲದಲ್ಲೂ ಅವನು ಅಂಗಳದಲ್ಲಿ ಮಲಗುತ್ತಿದ್ದ. ಬಚ್ಚಲ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಶಾಲೆಯ ಮಕ್ಕಳನ್ನು ಬೀದರಿನ ನೆಲದಡಿಯ ಕರೇಜ್ ಕಾಲುವೆ ತೋರಿಸಲು ಕರೆದೊಯ್ದಾಗ ಜೊತೆಗೆ ಬಂದವನು ಒಳಗೆ ಇಳಿಯಲೇ ಇಲ್ಲ. ಎಲ್ಲರ ಚಪ್ಪಲಿ ಕಾಯುತ್ತೇನೆ ಎಂದು ಮೇಲೆಯೇ ಬಿಸಿಲಲ್ಲಿ ನಿಂತಿದ್ದ. ಸಾಕಷ್ಟು ಕೆಳಗೆ ಇದ್ದು ಬಂದವರು, ಈಗ ಬಯಲು ಬೇಕೆನಿಸುತ್ತದೆ ಎಂದು ಅವಳು ಹೆಮ್ಮೆಯಿಂದಲೇ ಅಂದುಕೊಂಡಿದ್ದಳು. ಸಮುದ್ರದ ಬಗ್ಗೆ ಅವನು ಹೇಳಿದ ಮಾತುಗಳನ್ನು ನೆನಪಿಸಿಕೊಳ್ಳಲು ಕೂತಳು. ಒಂದೂ ಇರಲಿಲ್ಲ. ಎಲ್ಲವನ್ನೂ ಹೇಳಿದವಳು ಅವಳು. ಅವನು ಹೌದು ಅಂದಿದ್ದ, ಅಷ್ಟೇ.

ಮರುದಿನ ಸಂಜೆ ರೂಢಿಯಂತೆ ಆಟ ತೆರೆದಳು. ಇಳಿದಳು. ಆಳದ ಮುಳ್ಳು ತಿರುಗಿತು, ಇಂಜಿನ್ ನಿಲ್ಲಿಸಿದಳು. ಮೊದಲು ಈ ಹೊತ್ತಿಗೆ ಇನ್ನೊಬ್ಬರ ಉಸಿರು ಪಕ್ಕದಲ್ಲಿ ಇದ್ದಂತೆ ಅನಿಸುತ್ತಿತ್ತು. ಈಗ ತೆರೆಯಲ್ಲಿ ನೀಲಿ ಚೌಕಗಳಿದ್ದವು. ಅಲ್ಲಿ ಅವಳೊಬ್ಬಳೇ ಇದ್ದಳು. ಅಷ್ಟು ವರ್ಷವೂ ಒಬ್ಬಳೇ ಇದ್ದಳು. ಆಸ್ಪತ್ರೆಯ ಗೋಡೆ ನೆನಪಾಯಿತು. ಆಟ ಹಾಗೇ ಬಿಟ್ಟು ಎದ್ದಳು. ಹಿಂದಿನಿಂದ ಗಾಳಿ ಮುಗಿಯುತ್ತಿದೆಯೆಂಬ ಸದ್ದು ಬರುತ್ತಿತ್ತು; ಅದು ತಾನೇ ನಿಲ್ಲುವವರೆಗೂ ಅವಳು ಅಡುಗೆಮನೆಯಲ್ಲಿ ನಿಂತಿದ್ದಳು.

ನಾಲ್ಕಾರು ದಿನ ಹೀಗೇ ಕಳೆದವು. ಆಮೇಲೆ ಔರಾದಿನ ಬಸ್ ಹತ್ತಿದಳು. ನಾಗಸೇನನ ಅಕ್ಕ ಕೇಶರಬಾಯಿ ಅಲ್ಲಿ ಇದ್ದಳು. ತಾಯಿ ಇಲ್ಲದ ತಮ್ಮನನ್ನು ಬೆಳೆಸಿದವಳು ಅವಳೇ. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟು ನಿಂತಿತ್ತು. ಮಹಾಮಾಯಾ ಅದನ್ನು ನೋಡಿಯೂ ನೋಡಲಿಲ್ಲ. ಅಕ್ಕನಿಗೆ ಗೊತ್ತಿರಬಾರದು ಎಂದು ಒಂದು ಮನಸ್ಸು ಬೇಡುತ್ತಿತ್ತು. ಗೊತ್ತಿದ್ದರೆ ಜಗಳವಾಡಲು ಒಬ್ಬರಾದರೂ ಸಿಗುತ್ತಾರೆ ಎಂದು ಇನ್ನೊಂದು ಮನಸ್ಸು.

ಕೇಶರಬಾಯಿ ಅಂಗಳದಲ್ಲಿ ಮೊರ ಹಿಡಿದು ಹೆಸರುಬೇಳೆ ಕೇರುತ್ತಿದ್ದಳು. ಮಹಾಮಾಯಾ ಬ್ಯಾಗನ್ನೂ ಇಳಿಸದೆ, ಶಿವರಾಜಪ್ಪ ಬಂದದ್ದನ್ನೂ ಹೇಳಿದ್ದನ್ನೂ ತಿಳಿಸಿ, ನಿಮಗೆ ಗೊತ್ತಿತ್ತೇ ಎಂದು ಕೇಳಿದಳು. ಮುದುಕಿಯ ಕೈ ನಿಂತಿತು. ಮೊರ ಕೆಳಗಿಟ್ಟಳು.

"ಗೊತ್ತಿತ್ತವ್ವ. ನಿನ್ನ ಕೂಸು ಉಳೀಲಿಲ್ಲಲ್ಲ, ಆ ವರ್ಷ ನಾಗಸೇನ ಬಂದು ಹೇಳಿದ."

ನಾಗಸೇನ ಭಾಲ್ಕಿಯಲ್ಲಿ ಸುದ್ದಿ ಕೇಳಿ ಎರಡು ದಿನ ಇದ್ದು ಔರಾದಿಗೆ ಬಂದಿದ್ದನಂತೆ. ಎಲ್ಲವನ್ನೂ ಹೇಳಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡನಂತೆ. ಈಗಿಂದೀಗಲೇ ಹೋಗಿ ಹೆಂಡತಿಗೆ ಹೇಳು, ಅವಳು ಬೈಯಲಿ, ಹೊಡೆಯಲಿ, ಹೇಳಿ ಮುಗಿಸು ಎಂದು ಕೇಶರಬಾಯಿ ಮಧ್ಯಾಹ್ನದ ಬಸ್ಸಿಗೇ ಹಿಂದಕ್ಕೆ ಕಳಿಸಿದ್ದಳು. ಹೇಳಿದ್ದಾನೆಂದೇ ಬಹಳ ದಿನ ನಂಬಿದ್ದಳು. ಮುಂದಿನ ರಜೆಯಲ್ಲಿ ಕೇಳಿದಾಗ ತಿಳಿಯಿತು, ಹೇಳಿರಲಿಲ್ಲ.

"ಯಾಕ ಹೇಳಲಿಲ್ಲೋ ಅಂದೆ. ನಾ ಹೋದಾಗ ಆಕಿ ಆ ಆಟದ ಮುಂದ ಕುಂತಿದ್ಲು ಅಂದ. ನನ್ನ ಸಲುವಾಗಿ ಆಕಿ ನೀರಾಗ ಇಳದು ಕುಂತಾಳ ಅಕ್ಕಾ, ನಾ ದಂಡಿ ಮ್ಯಾಲ ಇದ್ದೆ ಅಂತ ಯಾವ ಬಾಯಿಲೆ ಹೇಳ್ಲಿ ಅಂದ."

ಮಹಾಮಾಯಾ ಅಲ್ಲೇ ಕಟ್ಟೆಯ ಮೇಲೆ ಕೂತಳು.

"ಒಂದು ಮಾತು ಹೇಳಿದ್ರ ನಾ ಅಲ್ಲೇ ಹೋಗಿ ಅವ್ರ ಜೊತಿ ಇರ್ತಿದ್ದೆ. ಗೋದಾಮಿನವನ ಹೆಂಡ್ತಿ ಅನಿಸಿಕೊಂಡ್ರ ನನಗೇನ್ ಕಮ್ಮಿ ಆಗ್ತಿತ್ತು ಅಕ್ಕಾ?"

"ನಿನಗಲ್ಲ. ಅವನಿಗಿ ಆಗ್ತಿತ್ತು," ಎಂದಳು ಕೇಶರಬಾಯಿ. ಹೆಗಲ ಮೇಲೆ ಹೊತ್ತು ಮೆರೆಸಿದ ಊರಿಗೆ ಹುಡುಗ ಹೆದರಿದ್ದ. ಮದುವೆಯ ಹೊತ್ತಿಗೇ ಸುಳ್ಳು ಅವನಿಗಿಂತ ಎತ್ತರ ಬೆಳೆದಿತ್ತು. ಅದನ್ನು ಇಳಿಸುವ ಧೈರ್ಯ ಅವನಿಗೂ ಬರಲಿಲ್ಲ, ನನಗೂ ಬರಲಿಲ್ಲ ಎಂದು ಮುದುಕಿ ಸೆರಗು ಬಾಯಿಗೆ ಹಿಡಿದಳು. ಬರುವಾಗ ಇದ್ದ ಜಗಳ ಮಹಾಮಾಯಾಳ ಬಾಯಿಗೆ ಬರಲಿಲ್ಲ. ಹಾಗೆಂದು ಸಿಟ್ಟು ಇಳಿಯಲೂ ಇಲ್ಲ. ಹಾಕಿದ ಊಟ ಉಂಡಳು. ಯಾವಾಗಲೂ ಒಂದು ರಾತ್ರಿ ಇದ್ದು ಹೋಗುವವಳು ಅಂದು ಸಂಜೆಯ ಬಸ್ಸಿಗೇ ಹೊರಟಳು. ಕೇಶರಬಾಯಿ ಇರು ಎನ್ನಲಿಲ್ಲ.

ಮುಂದಿನ ತಿಂಗಳುಗಳು ಅವಳಿಗೆ ಕಷ್ಟದವಾಗಿದ್ದವು. ಗಂಡ ಸತ್ತಾಗ ಅತ್ತಿದ್ದಳು, ಜನ ಬಂದಿದ್ದರು, ಅನ್ನ ನೀರು ಕೊಟ್ಟಿದ್ದರು. ಈಗಿನದಕ್ಕೆ ಯಾರೂ ಬರುವಂತಿರಲಿಲ್ಲ. ಫೋಟೊವನ್ನು ಮತ್ತೆ ಗೋಡೆಗೆ ಹಾಕಿದಳು. ಒಮ್ಮೆ ಅದರ ಎದುರು ನಿಂತು, ಅಂಥಾ ದಿನದಾಗ ನಾ ಒಬ್ಬಾಕಿ ಇದ್ದೆ ಎಂದು ಗಟ್ಟಿಯಾಗಿ ಹೇಳಿದಳು. ಅವನು ಕೇಳಿದ ಹಾಗೆ ಅನಿಸಲಿಲ್ಲ. ಕೆಲವು ಸಂಜೆ ಸುಮ್ಮನೆ ರೈಲು ಸ್ಟೇಷನ್ನಿಗೆ ಹೋಗಿ ಬೀದರಿನ ಗಾಡಿ ಬಂದು ಹೋಗುವವರೆಗೆ ಕೂತು ಬಂದಳು.

ಆಟ ಮಾತ್ರ ಬಿಡಲಾಗಲಿಲ್ಲ. ಬಿಟ್ಟು ನೋಡಿದಳು, ಸಂಜೆ ಮೈಮೇಲೆ ಬೀಳುತ್ತಿತ್ತು. ಮತ್ತೆ ಶುರುಮಾಡಿದಾಗ ಅವಳಿಗೆ ಒಂದು ವಿಷಯ ತಿಳಿಯಿತು: ಆ ನೀರು ಯಾವತ್ತೂ ನಾಗಸೇನನದಾಗಿರಲಿಲ್ಲ, ತನ್ನದೇ ಆಗಿತ್ತು. ಎಲ್ಲಿ ತಳ ಆಳ, ಎಲ್ಲಿ ಕಾವಲು ಹಡಗು ತಿರುಗುತ್ತದೆ, ಬ್ಯಾಟರಿ ಎಷ್ಟಿರುವಾಗ ಮೇಲೇಳಬೇಕು, ಎಲ್ಲ ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ಈಗ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ಆಡಿದಳು. ಅದರಿಂದ ನೆಮ್ಮದಿ ಸಿಕ್ಕಿತೆಂದಲ್ಲ. ಹೊತ್ತು ಹೋಗುತ್ತಿತ್ತು.

ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಅವಳು ನೆನೆದದ್ದೆಲ್ಲ ಇಲ್ಲದ ಮನುಷ್ಯನನ್ನು. ಹಾಗಾದರೆ ಇದ್ದವನು ಅಲ್ಲಿ ಏನು ಮಾಡಿಕೊಂಡಿದ್ದ? ಬೇಸಿಗೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಬೀದರಿಗೆ ಹೋಗಿ, ಅಲ್ಲಿಂದ ಬಸ್ ಬದಲಿಸಿ ಮನ್ನಳ್ಳಿಗೆ ಇಳಿದಳು.

ಶಿವರಾಜಪ್ಪ ಅವಳನ್ನು ಕಂಡು ಎದ್ದು ನಿಂತರು. ಅವರ ಹೆಂಡತಿ ಗುಂಡಮ್ಮ ನೀರು ತಂದಿಟ್ಟಳು. ಅಂದು ನಾನು ಗೊತ್ತಿತ್ತು ಎಂದದ್ದು ಸುಳ್ಳು ಎಂದು ಮಹಾಮಾಯಾ ಮೊದಲೇ ಹೇಳಿಬಿಟ್ಟಳು.

"ಅವತ್ತೇ ತಿಳೀತು ವೈನಿ," ಎಂದರು ಅವರು. "ಮನಿಗಿ ಬಂದು ಊಟಾ ಹೋಗಲಿಲ್ಲ ನನಗ."

ನಾನು ಬೈಯಲು ಬಂದಿಲ್ಲ, ಕೇಳಲು ಬಂದಿದ್ದೇನೆ ಎಂದಳು ಮಹಾಮಾಯಾ. ಆ ಗೋದಾಮು ಹೇಗಿತ್ತು, ಇವರು ಎಲ್ಲಿ ಕೂರುತ್ತಿದ್ದರು, ಇಡೀ ದಿನ ಏನು ಮಾಡುತ್ತಿದ್ದರು. ಶಿವರಾಜಪ್ಪ ಮೊದಲು ಅಳುಕಿದರು, ಆಮೇಲೆ ಒಂದೊಂದೇ ನೆನಪು ಬರತೊಡಗಿತು. ನಾಗಸೇನನ ಟೇಬಲ್ ದೊಡ್ಡ ಬಾಗಿಲಿಗೆ ಹತ್ತಿತ್ತು. ತುಫಾನು ಬಂದಾಗಲೂ ಆ ಬಾಗಿಲು ಮುಚ್ಚಗೊಡುತ್ತಿರಲಿಲ್ಲ. ಅಂಗಿ ತೊಯ್ದರೂ ಅಲ್ಲೇ ಕೂರುತ್ತಿದ್ದ. ಕಂಬಳಿ ಮಡಚುವುದರಲ್ಲಿ ಅವನಷ್ಟು ನೀಟು ಇನ್ನೊಬ್ಬರಿರಲಿಲ್ಲ. ಸಮುದ್ರದಂಡೆ ಹತ್ತಿರವೇ ಇದ್ದರೂ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದ. ವರ್ಷದಲ್ಲಿ ಕೆಲವು ತಿಂಗಳು ಪೇಟೆಗೂ ಹೋಗುತ್ತಿರಲಿಲ್ಲ; ಸಮುದ್ರಕ್ಕೆ ಹೋಗಿದ್ದೇನೆಂದು ಊರಿಗೆ ಹೇಳಿದ ತಿಂಗಳುಗಳು ಅವೇ ಎಂದು ಮಹಾಮಾಯಾಳಿಗೆ ಈಗ ಹೊಳೆಯಿತು. ಒಮ್ಮೊಮ್ಮೆ ಸಂಜೆ ಎಸ್‌ಟಿಡಿ ಬೂತಿನ ಸರದಿಯಲ್ಲಿ ಹೋಗಿ ನಿಂತು, ತನ್ನ ಸರದಿ ಬಂದಾಗ ಹಿಂದಿನವನಿಗೆ ಬಿಟ್ಟುಕೊಟ್ಟು ತಿರುಗಿ ಬಂದುಬಿಡುತ್ತಿದ್ದ. ಯಾರಿಗೆ ಮಾಡಬೇಕಿತ್ತೋ ಎಂದರೆ ಹೇಳುತ್ತಿರಲಿಲ್ಲ.

ಮಹಾಮಾಯಾ ಅದನ್ನು ಕೇಳಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಮುಂದೆ ಹೇಳಿ ಎಂದಳು.

ಆಗ ಗುಂಡಮ್ಮ ಒಳಗಿನಿಂದಲೇ, ರೊಟ್ಟಿಯ ಸುದ್ದಿ ಹೇಳಲೇ ಇಲ್ಲವಲ್ಲ ಎಂದಳು. ಮೆಸ್ಸಿನಲ್ಲಿ ಬರೀ ಅನ್ನ. ಶಿವರಾಜಪ್ಪ ರಜೆ ಮುಗಿಸಿ ಹೋಗುವಾಗ ಗುಂಡಮ್ಮ ಕಟ್ಟಿಕೊಡುತ್ತಿದ್ದ ಜೋಳದ ಹಿಟ್ಟಿನಿಂದ ನಾಗಸೇನ ಭಾನುವಾರ ಬ್ಯಾರಕ್ಕಿನ ಹಿಂದೆ ಸ್ಟೋವ್ ಹಚ್ಚಿ ರೊಟ್ಟಿ ಬಡಿಯುತ್ತಿದ್ದನಂತೆ. ಈ ಕಡೆಯ ಹುಡುಗರೆಲ್ಲ ತಟ್ಟೆ ಹಿಡಿದು ಸುತ್ತ ಕೂರುತ್ತಿದ್ದರಂತೆ. ಭಾಲ್ಕಿಯ ಮನೆಯಲ್ಲಿ ನಾಗಸೇನ ಒಂದು ದಿನವೂ ಹಿಟ್ಟಿಗೆ ಕೈ ಹಾಕಿದವನಲ್ಲ. ಚಹಾ ಕಾಸಲೂ ಬರುವುದಿಲ್ಲವೆಂದೇ ಮಹಾಮಾಯಾ ತಿಳಿದಿದ್ದಳು.

"ಅವ್ರು ಬಡದ ರೊಟ್ಟಿ ಉಬ್ಬತಿತ್ತೇನ್ರಿ?" ಎಂದು ಕೇಳಿದಳು.

"ಉಬ್ಬತಿತ್ತು ರಿ," ಎಂದರು ಶಿವರಾಜಪ್ಪ. "ಒಂದೊಂದು ಹರೀತಿತ್ತು. ಹರದದ್ದು ಅವನೇ ತಿಂತಿದ್ದ."

ಮಹಾಮಾಯಾ ನಕ್ಕಳು. ನಗು ನಡುವೆಯೇ ಒಡೆದು ಅಳುವಾಯಿತು. ಗುಂಡಮ್ಮ ಬಂದು ಪಕ್ಕದಲ್ಲಿ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಮಹಾಮಾಯಾ ಮುಖ ತೊಳೆದುಕೊಂಡು, ಇನ್ನೊಮ್ಮೆ ಬರುತ್ತೇನೆ, ಉಳಿದದ್ದು ನೆನಪು ಮಾಡಿ ಇಟ್ಟಿರಿ ಎಂದು ಹೇಳಿ ಎದ್ದಳು.

ಬೀದರಿನಲ್ಲಿ ಭಾಲ್ಕಿಯ ಬಸ್ ಖಾಲಿಯಾಗಿತ್ತು. ಕಿಟಕಿಯ ಪಕ್ಕ ಕೂತು ಅವಳು ಆ ಬ್ಯಾರಕ್ಕಿನ ಹಿಂದಿನ ಜಾಗವನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದಳು. ಸ್ಟೋವ್ ಬಂತು, ಹೆಂಚು ಬಂತು, ಸುತ್ತ ಕೂತ ಹುಡುಗರೂ ಬಂದರು. ಹಿಟ್ಟು ಮೆತ್ತಿದ ಆ ಎರಡು ಕೈಗಳನ್ನು ಗುರುತಿಸಿದಳು. ಮುಖ ಮಾತ್ರ ಮೂಡಲಿಲ್ಲ. ಅವಳಿಗೆ ಗೊತ್ತಿದ್ದ ಮುಖವನ್ನು ಅಲ್ಲಿ ಇಟ್ಟು ನೋಡಿದಳು, ಹೊಂದಲಿಲ್ಲ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಅವಳು ಭಾಲ್ಕಿ ಎಂದು ಹೇಳಿ ಮತ್ತೆ ಕಿಟಕಿಯತ್ತ ತಿರುಗಿದಳು.